ಕುಡಿದವರನ್ನು ಹಿಡಿಯಿರಿ, ಶುಗರ್ ಇಳಿದವರನ್ನು ಗುರುತಿಸಿ

ಸಂಪಾದಕರಿಗೆ ನಮಸ್ಕಾರಗಳು.

ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಮತ್ತೆ ಮತ್ತೆ ಬರುತ್ತಿದೆ. ಪಾರ್ಟಿಗೆ ಹೋಗುವ ಮುಂಚೆ ಎರಡು ಬೆಣ್ಣೆ ದೋಸೆ ತಿಂದು ಹೋಗಿ, ಆಮೇಲೆ ಎಷ್ಟು ಕುಡಿದರೂ ಪೊಲೀಸರ ಮಷೀನಿನಲ್ಲಿ ಬರುವುದಿಲ್ಲ. ಬಂದರೂ ಹೆದರಬೇಡಿ, ‘ನನಗೆ ಶುಗರ್ ಇದೆ, ಅದಕ್ಕೇ ಮಷೀನು ಹಾಗೆ ತೋರಿಸುತ್ತದೆ’ ಎಂದುಬಿಡಿ, ಕೋರ್ಟಿನಲ್ಲಿ ಕೇಸು ನಿಲ್ಲುವುದಿಲ್ಲ ಎಂಬುದು ಅದರ ಸಾರ. ಓದಿದವರು, ಕೆಲಸದಲ್ಲಿರುವವರು ಅದನ್ನು ಮುಂದಕ್ಕೆ ಕಳಿಸುತ್ತಿದ್ದಾರೆ. ನಾನು ದಾವಣಗೆರೆಯ ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತಳಾದವಳು. ರಕ್ತದಲ್ಲಿರುವ ಸಕ್ಕರೆ, ಕೀಟೋನ್, ಮದ್ಯಸಾರ ಇವುಗಳ ಜೊತೆಗೇ ನನ್ನ ಸೇವೆ ಕಳೆದಿದೆ. ಸುಮ್ಮನಿರಲು ಆಗದೆ ಈ ಪತ್ರ ಬರೆಯುತ್ತಿದ್ದೇನೆ. ದಯವಿಟ್ಟು ಉದ್ದವಾಯಿತೆಂದು ಕತ್ತರಿಸಬೇಡಿ.

ಆ ಸಂದೇಶದ ಎರಡು ಮಾತಿನಲ್ಲೂ ಒಂದೊಂದು ಎಳೆ ನಿಜವಿದೆ. ಅಪಾಯ ಇರುವುದೇ ಅಲ್ಲಿ. ಹೊಟ್ಟೆಗೆ ಏನು ಹಾಕಿದ್ದೇವೆ, ಮೈಯಲ್ಲಿ ನೀರೆಷ್ಟು ಕೊಬ್ಬೆಷ್ಟು, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂಬುದರ ಮೇಲೆ ಮಷೀನಿನ ಅಂಕಿ ಹೆಚ್ಚುಕಡಿಮೆ ಆಗುವುದು ಹೌದು. ಆದರೆ ಅದನ್ನು ಹಿಡಿದುಕೊಂಡು ಕುಡಿದು ಗಾಡಿ ಓಡಿಸುವವರು ಪಾರಾಗಲು ನೋಡುತ್ತಿದ್ದಾರೆ. ಇದರಿಂದ ನಿಜವಾಗಿ ಕಾಯಿಲೆ ಇರುವವರು ‘ನನಗೆ ಶುಗರ್ ಇದೆ ಸಾರ್’ ಎಂದರೆ ಯಾರೂ ನಂಬದ ಹಾಗೆ ಆಗಿದೆ. ಅದರ ಫಲ ನಮ್ಮ ಮನೆಯವರೇ ಉಂಡಿದ್ದಾರೆ. ಆ ಸಂಗತಿಗೆ ಬರುತ್ತೇನೆ.

ಮೋಟಾರು ವಾಹನ ಕಾಯ್ದೆ 1988ರ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇಟ್ಟುಕೊಂಡು ಗಾಡಿ ಓಡಿಸಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಜೈಲು ಎರಡು ವರ್ಷದವರೆಗೆ, ದಂಡ 15,000 ರೂಪಾಯಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ 30 ಎಂದರೆ ಎಷ್ಟು ಎಂದು ಕೇಳಿದರೆ ಹೇಳುವವರು ಕಡಿಮೆ.

ಸ್ವೀಡನ್ನಿನ ವಿಡ್ಮಾರ್ಕ್ ಎಂಬ ವಿಜ್ಞಾನಿ ಕಳೆದ ಶತಮಾನದ ಮೊದಲರ್ಧದಲ್ಲಿ ಕೊಟ್ಟ ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮಿನಲ್ಲಿ ಮದ್ಯಸಾರ ಶೇ 42.8. ಅಂದರೆ 60 ಮಿಲಿಲೀಟರಿನ ಒಂದು ಲಾರ್ಜ್ ಪೆಗ್ಗಿನಲ್ಲಿ ಸುಮಾರು 20 ಗ್ರಾಂ. ಮದ್ಯಸಾರ ಮೈಯ ನೀರಿನಲ್ಲಿ ಹರಡುತ್ತದೆ, ಕೊಬ್ಬಿಗೆ ಹೆಚ್ಚು ಹೋಗುವುದಿಲ್ಲ. 70 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಆ ಒಂದು ಪೆಗ್ ಕುಡಿದರೆ ಅಂಕಿ 40 ದಾಟುತ್ತದೆ. ಎಪಿಎಂಸಿಯಲ್ಲಿ ಮೂಟೆ ಹೊರುವ 50 ಕೆ.ಜಿ.ಯ ಹಮಾಲಿ ಅಷ್ಟೇ ಕುಡಿದರೆ 60ರ ಹತ್ತಿರ ಬರುತ್ತದೆ. 55 ಕೆ.ಜಿ.ಯ ಹೆಂಗಸಿಗೆ ಇನ್ನೂ ಮೇಲೆ, ಯಾಕೆಂದರೆ ಹೆಂಗಸರ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ನೀರು ಕಡಿಮೆ. ಒಂದೇ ಹಿಡಿ ಉಪ್ಪು ದೊಡ್ಡ ಹಂಡೆಗೂ ಸಣ್ಣ ಚೆಂಬಿಗೂ ಹಾಕಿದ ಹಾಗೆ. ‘ನಾವಿಬ್ಬರೂ ಒಂದೊಂದೇ ಪೆಗ್ ಕುಡಿದಿದ್ದು, ಅವನನ್ನು ಬಿಟ್ಟರು, ನನ್ನನ್ನು ಹಿಡಿದರು’ ಎಂದು ಜಗಳವಾಡುವವರಿಗೆ ಉತ್ತರ ಇದರಲ್ಲೇ ಇದೆ. ಕಾಯ್ದೆ ಕೇಳುವುದು ರಕ್ತದಲ್ಲಿ ಎಷ್ಟಿದೆ ಎಂದು, ಎಷ್ಟು ಕುಡಿದೆ ಎಂದು ಅಲ್ಲ.

ಬೆಣ್ಣೆ ದೋಸೆಯ ವಿಷಯಕ್ಕೆ ಬರೋಣ. ಮದ್ಯಸಾರ ಬಹುಪಾಲು ರಕ್ತಕ್ಕೆ ಸೇರುವುದು ಜಠರದಿಂದಲ್ಲ, ಸಣ್ಣ ಕರುಳಿನಿಂದ. ಹೊಟ್ಟೆಯಲ್ಲಿ ಊಟ ಇದ್ದರೆ, ಅದರಲ್ಲೂ ಬೆಣ್ಣೆ, ತುಪ್ಪ, ಮಾಂಸದಂಥದ್ದು ಇದ್ದರೆ, ಜಠರ ತನ್ನ ಬಾಗಿಲನ್ನು ನಿಧಾನವಾಗಿ ತೆರೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆ, ಒಂದು ಗಂಟೆಯೊಳಗೆ ತುದಿ ಮುಟ್ಟುವ ಅಂಕಿ, ಉಂಡವನಲ್ಲಿ ತಡವಾಗಿ ಮುಟ್ಟುತ್ತದೆ, ತುದಿಯೂ ತಗ್ಗಿರುತ್ತದೆ. ಇಷ್ಟು ನಿಜ. ಆದರೆ ಕುಡಿದದ್ದು ಮಾಯವಾಗುವುದಿಲ್ಲ. ಪಿ.ಬಿ. ರಸ್ತೆಯಲ್ಲಿ ಉಂಡು ಕುಡಿದು, ಹತ್ತು ನಿಮಿಷಕ್ಕೆ ‘ನನಗೇನೂ ಆಗಿಲ್ಲ’ ಎಂದು ಬೈಕ್ ಹತ್ತಿ ಹರಿಹರದ ಕಡೆ ಹೊರಟವನಿಗೆ ಬಾತಿ ದಾಟುವಾಗ ಏರುತ್ತಲೇ ಇರುತ್ತದೆ. ದೋಸೆ ಅವನನ್ನು ಕಾಪಾಡಲಿಲ್ಲ. ಏರುವ ಹೊತ್ತಿಗೆ ಅವನು ಹೆದ್ದಾರಿಯಲ್ಲಿ ಇರುವಂತೆ ಮಾಡಿತು, ಅಷ್ಟೆ.

ಇದನ್ನೇ ತಿರುವಿ ಹಾಕಿ ಹೊರದೇಶಗಳಲ್ಲಿ ವಕೀಲರು ಒಂದು ವಾದ ಮಾಡುತ್ತಾರೆ. ಗಾಡಿ ಓಡಿಸುವಾಗ ಅಂಕಿ ಮಿತಿಯೊಳಗೇ ಇತ್ತು, ಠಾಣೆಗೆ ಕರೆತಂದು ಗಂಟೆಯ ಮೇಲೆ ಊದಿಸಿದಾಗ ಏರಿತ್ತು ಎಂದು. ದೇಹದ ಲೆಕ್ಕದಲ್ಲಿ ಆ ವಾದ ಪೊಳ್ಳಲ್ಲ. ಅದಕ್ಕೇ ಪರೀಕ್ಷೆ ತಡವಾಗಬಾರದು, ಹಿಡಿದ ಹೊತ್ತು, ಊದಿಸಿದ ಹೊತ್ತು, ರಕ್ತ ತೆಗೆದ ಹೊತ್ತು ಮೂರನ್ನೂ ಬರೆದಿಡಬೇಕು. ಹೊತ್ತು ಬರೆಯದ ರಿಪೋರ್ಟು ತಪ್ಪಿತಸ್ಥನಿಗೆ ಬಾಗಿಲು ತೆರೆಯುತ್ತದೆ, ನಿರಪರಾಧಿಗೂ ನೆರವಾಗುವುದಿಲ್ಲ.

ಏರಿದ್ದನ್ನು ಇಳಿಸುವುದು ಯಕೃತ್ತಿನ ಕೆಲಸ. ಅದು 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ 10ರಿಂದ 20 ಮಿಲಿಗ್ರಾಂ ಅಷ್ಟೇ ಇಳಿಸುತ್ತದೆ, ಉಪವಾಸ ಇದ್ದವರಲ್ಲಿ ಇನ್ನೂ ನಿಧಾನ. ನಿಂಬೆಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ ಯಾವುದೂ ಅದರ ವೇಗ ಹೆಚ್ಚಿಸುವುದಿಲ್ಲ. ಏಲಕ್ಕಿ, ಎಲೆಯಡಿಕೆ ಬಾಯಿಯ ವಾಸನೆ ಮುಚ್ಚಬಹುದು, ಶ್ವಾಸಕೋಶದಿಂದ ಬರುವ ಮದ್ಯಸಾರವನ್ನು ಮುಚ್ಚಲಾರವು. ಮಧ್ಯರಾತ್ರಿ 120 ಇದ್ದವನಿಗೆ ಬೆಳಗಿನ ಆರಕ್ಕೂ 30ರ ಆಸುಪಾಸು ಉಳಿದಿರುತ್ತದೆ. ಮದುವೆ ಸೀಸನ್ನಿನಲ್ಲಿ ರಾತ್ರಿ ಕೂತು ಬೆಳಗ್ಗೆ ಶಾಲೆ ಮಕ್ಕಳ ವ್ಯಾನ್ ತೆಗೆಯುವವರು ಇದನ್ನು ತಿಳಿಯಬೇಕು.

ಈಗ ಮಷೀನು. ಅದು ರಕ್ತವನ್ನು ನೋಡುವುದಿಲ್ಲ, ಉಸಿರನ್ನು ನೋಡಿ ರಕ್ತವನ್ನು ಅಂದಾಜು ಮಾಡುತ್ತದೆ. 2,100 ಮಿಲಿಲೀಟರ್ ಉಸಿರಿನಲ್ಲಿ ಎಷ್ಟಿದೆಯೋ ಅಷ್ಟೇ 1 ಮಿಲಿಲೀಟರ್ ರಕ್ತದಲ್ಲಿದೆ ಎಂಬುದು ಅದರೊಳಗೆ ಕೂರಿಸಿರುವ ಲೆಕ್ಕ. ಮನುಷ್ಯರಿಂದ ಮನುಷ್ಯರಿಗೆ ಈ ಅನುಪಾತ ವ್ಯತ್ಯಾಸವಾಗುತ್ತದೆ, ಜ್ವರ ಇದ್ದರೆ ಅಂಕಿ ಸ್ವಲ್ಪ ಮೇಲೆ ಬರುತ್ತದೆ. ಆದರೂ ಹೆಚ್ಚಿನವರಲ್ಲಿ ನಿಜವಾದ ಅನುಪಾತ 2,100ಕ್ಕಿಂತ ತುಸು ಹೆಚ್ಚೇ ಇರುವುದರಿಂದ ಮಷೀನು ರಕ್ತದಲ್ಲಿರುವುದಕ್ಕಿಂತ ತುಸು ಕಡಿಮೆಯನ್ನೇ ತೋರಿಸುತ್ತದೆ, ಚಾಲಕನಿಗೆ ಲಾಭವಾಗುವ ಹಾಗೆ. ಮಷೀನು ಸುಳ್ಳು ಹೇಳಿತು ಎಂದು ಕೂಗುವವರು ಈ ಮಾತನ್ನು ಎತ್ತುವುದಿಲ್ಲ.

ಅದು ನಿಜಕ್ಕೂ ತಪ್ಪುವ ಜಾಗ ಬೇರೆ ಇದೆ, ಬಾಯಿ. ಕೇರಳದ ಸಾರಿಗೆ ನಿಗಮದ ಪಂದಳಂ ಡಿಪೋದಲ್ಲಿ 2025ರ ಜುಲೈಯಲ್ಲಿ ನಡೆದದ್ದನ್ನು ಬಹಳ ಜನ ಓದಿರಬಹುದು. ಕುಡಿಯದ ಚಾಲಕರು ಡ್ಯೂಟಿಗೆ ಮುಂಚಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರು ತಿಂದಿದ್ದು ಚೆನ್ನಾಗಿ ಕಳಿತ ಹಲಸಿನ ತೊಳೆ. ಮೊದಲು ಊದಿ ಸೊನ್ನೆ ಬಂದವರಿಗೆ ಅದೇ ಹಣ್ಣು ತಿನ್ನಿಸಿ ಊದಿಸಿದರೆ ಮಷೀನು ಅವರನ್ನೂ ತೋರಿಸಿತು. ಕಳಿತ ಹಣ್ಣಿನ ಸಕ್ಕರೆ ಹುದುಗಿ ಒಂದಿಷ್ಟು ಮದ್ಯಸಾರ ಆಗಿರುತ್ತದೆ, ಅದು ಬಾಯಲ್ಲಿ ಉಳಿದಿರುತ್ತದೆ. ನಮ್ಮ ಕಡೆ ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟ, ಅಜೀರ್ಣಕ್ಕೆ ಕುಡಿಯುವ ದ್ರಾಕ್ಷಾರಿಷ್ಟ ಹುದುಗಿಸಿಯೇ ಮಾಡುವ ಔಷಧಗಳು. ಬಾಟಲಿ ಮೇಲೆ ಮದ್ಯಸಾರದ ಪ್ರಮಾಣ ಬರೆದೇ ಇರುತ್ತದೆ. ಕೆಲವು ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರಾವಣಗಳಲ್ಲೂ ಇದೆ. ದೋಸೆ ಹಿಟ್ಟು ಹುಳಿಬರುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದಿಂದ, ಮಿಕ್ಕದ್ದು ಕಾವಲಿಯ ಮೇಲೆ ಹಾರಿಹೋಗುತ್ತದೆ. ಅದನ್ನು ದೂರುವ ಹಾಗಿಲ್ಲ.

ಬಾಯಿಯ ಮದ್ಯಸಾರಕ್ಕೆ ಮದ್ದು ಸುಲಭ. ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ಹದಿನೈದು ಇಪ್ಪತ್ತು ನಿಮಿಷ ಏನೂ ತಿನ್ನದಂತೆ, ತೇಗದಂತೆ ನೋಡಿಕೊಂಡು ಎರಡನೇ ಸಲ ಊದಿಸಬೇಕು. ಬಾಯಲ್ಲಿದ್ದದ್ದಾದರೆ ಅಂಕಿ ಬಿದ್ದುಹೋಗುತ್ತದೆ. ರಕ್ತದಲ್ಲಿದ್ದದ್ದಾದರೆ ಎಲ್ಲೂ ಹೋಗುವುದಿಲ್ಲ. ಹಲಸಿನ ಹಣ್ಣು ತಿಂದವನಿಗೂ ಕ್ವಾರ್ಟರ್ ಕುಡಿದವನಿಗೂ ಇರುವ ವ್ಯತ್ಯಾಸ ಈ ಹದಿನೈದು ನಿಮಿಷದಲ್ಲಿ ಗೊತ್ತಾಗುತ್ತದೆ. ಕಾಯ್ದೆಯ 203ನೇ ಕಲಂ ಉಸಿರಿನ ಒಂದಲ್ಲ, ಒಂದಕ್ಕಿಂತ ಹೆಚ್ಚು ಮಾದರಿ ಪಡೆಯಲು ಪೊಲೀಸರಿಗೆ ಅಧಿಕಾರ ಕೊಟ್ಟಿದೆ. ಆದರೆ ರಾತ್ರಿ ನಾಕಾಬಂದಿಯಲ್ಲಿ, ಹಿಂದೆ ಗಾಡಿಗಳ ಸಾಲು ನಿಂತಿರುವಾಗ, ಒಂದೇ ಸಲ ಊದಿಸಿ ಚೀಟಿ ಹರಿಯುತ್ತಾರೆ.

ಸಕ್ಕರೆ ಕಾಯಿಲೆಯ ವಾದ ನನ್ನ ಕ್ಷೇತ್ರದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇನ್ಸುಲಿನ್ ಸಾಲದೆ ಹೋದಾಗ, ಅಥವಾ ಅನ್ನ ಮುದ್ದೆ ಎಲ್ಲ ಬಿಟ್ಟು ಕಟ್ಟುನಿಟ್ಟಿನ ಡಯಟ್ ಮಾಡಿದಾಗ, ದೇಹ ಕೊಬ್ಬನ್ನು ಉರಿಸಿ ಕೀಟೋನ್ ಮಾಡುತ್ತದೆ. ಅದರಲ್ಲಿ ಒಂದು ಅಸಿಟೋನ್, ಉಗುರಿನ ಬಣ್ಣ ತೆಗೆಯುವ ದ್ರಾವಣದ ವಾಸನೆಯದು. ರೋಗಿಯ ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ ಬರುತ್ತದೆ, ಪಕ್ಕದವರಿಗೆ ಹೆಂಡದ ವಾಸನೆ ಅನ್ನಿಸುತ್ತದೆ. ಸೆಮಿಕಂಡಕ್ಟರ್ ಸೆನ್ಸರ್ ಇರುವ ಅಗ್ಗದ ಮಷೀನುಗಳು ಇದಕ್ಕೆ ಮೋಸಹೋಗಬಹುದು. ಫ್ಯೂಯೆಲ್ ಸೆಲ್ ಎಂಬ ಬೇರೆ ಬಗೆಯ ಸೆನ್ಸರ್ ಇರುವ ಮಷೀನುಗಳು ಅಸಿಟೋನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ದೇಹವೇ ಒಂದಿಷ್ಟು ಅಸಿಟೋನನ್ನು ಐಸೊಪ್ರೊಪೈಲ್ ಎಂಬ ಬೇರೆ ಬಗೆಯ ಆಲ್ಕೊಹಾಲ್ ಮಾಡುತ್ತದೆ, ಅದನ್ನು ಆ ಮಷೀನೂ ಕುಡಿದ ಮದ್ಯಸಾರವೆಂದೇ ಎಣಿಸಬಹುದು. ಬಹಳ ಕಡಿಮೆ ಕ್ಯಾಲೊರಿಯ ಡಯಟ್ ಮಾಡುತ್ತಿದ್ದ, ಕುಡಿಯದ ಒಬ್ಬ ವ್ಯಕ್ತಿಯ ಕಾರಿನ ಊದುವ ಸಾಧನ ಎಂಜಿನ್ ಚಾಲೂ ಆಗಲು ಬಿಡದಿದ್ದ ಪ್ರಕರಣವನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ್ದಾರೆ.

ಅಂದರೆ ಶುಗರ್ ಇರುವ ಎಲ್ಲರಿಗೂ ಮಷೀನು ತಪ್ಪು ತೋರಿಸುತ್ತದೆಯೇ? ಖಂಡಿತ ಇಲ್ಲ. ಮಾತ್ರೆ ನುಂಗಿಕೊಂಡು ಸಕ್ಕರೆ ಹತೋಟಿಯಲ್ಲಿಟ್ಟುಕೊಂಡವರ ಉಸಿರಿನಲ್ಲಿ ಅಂಕಿ ಕೆಡಿಸುವಷ್ಟು ಏನೂ ಇರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕೆಡಿಸುವಷ್ಟು ಕೀಟೋನ್ ಏರಿದವನಿಗೆ ಸಾಮಾನ್ಯವಾಗಿ ವಾಂತಿ, ಏದುಸಿರು, ನಿತ್ರಾಣ ಇರುತ್ತದೆ, ಅವನ ಜಾಗ ಆಸ್ಪತ್ರೆ. ಮಷೀನಿನಲ್ಲಿ 150 ಬಂದವನು ಶುಗರಿನ ಹಳೇ ಚೀಟಿ ಹಿಡಿದು ಬಂದರೆ ಆ ಚೀಟಿಯಿಂದ ಏನೂ ಸಾಬೀತಾಗುವುದಿಲ್ಲ. ಹೇಗೂ ರಕ್ತದ ಪರೀಕ್ಷೆಯಲ್ಲಿ ಎಲ್ಲ ತಿಳಿಯುತ್ತದೆ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಂಬ ಲ್ಯಾಬ್ ವಿಧಾನದಲ್ಲಿ ಅಸಿಟೋನ್, ಐಸೊಪ್ರೊಪೈಲ್, ಕುಡಿಯುವ ಮದ್ಯಸಾರ ಮೂರೂ ಬೇರೆ ಬೇರೆಯಾಗಿ ಬೀಳುತ್ತವೆ.

ಹೊಟ್ಟೆಯೊಳಗೇ ಹೆಂಡ ತಯಾರಾಗುತ್ತದೆ ಎಂಬ ಮಾತನ್ನೂ ಕೆಲವರು ಎತ್ತುತ್ತಾರೆ. ಅಂಥ ಕಾಯಿಲೆ ಇದೆ, ಕರುಳಿನ ಯೀಸ್ಟ್ ಉಂಡ ಅನ್ನವನ್ನು ಹುದುಗಿಸುತ್ತದೆ. ಬೆಲ್ಜಿಯಂನಲ್ಲಿ 2024ರಲ್ಲಿ ಒಬ್ಬರು ಇದೇ ಆಧಾರದ ಮೇಲೆ ಖುಲಾಸೆಯೂ ಆದರು. ಅದು ತೀರಾ ಅಪರೂಪ, ವೈದ್ಯರ ಕಣ್ಗಾವಲಿನಲ್ಲಿ ಗ್ಲೂಕೋಸ್ ಕುಡಿಸಿ ಗಂಟೆಗಟ್ಟಲೆ ರಕ್ತ ನೋಡಿ ಖಚಿತ ಮಾಡುವಂಥದ್ದು. ಪಾರ್ಟಿ ಮುಗಿಸಿ ಬಂದವನ ಬಾಯಲ್ಲಿ ಬರಬೇಕಾದ ಮಾತಲ್ಲ.

ನನ್ನನ್ನು ಕಾಡುವುದು ಏರಿದ ಸಕ್ಕರೆಯಲ್ಲ, ಇಳಿದ ಸಕ್ಕರೆ. ಅದು ಮಷೀನಿನಲ್ಲಿ ಕಾಣುವುದೇ ಇಲ್ಲ. ಕಾಣುವುದು ಮನುಷ್ಯನ ನಡೆಯಲ್ಲಿ.

ನನ್ನ ತಮ್ಮ ಟೆಂಪೊ ಓಡಿಸುತ್ತಾನೆ, ಮೆಕ್ಕೆಜೋಳದ ಸೀಸನ್ನಿನಲ್ಲಿ ಎಪಿಎಂಸಿಯಿಂದ ಬಾಡಿಗೆ ಹೊಡೆಯುತ್ತಾನೆ. ಹೊತ್ತು ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವವನು. ಕುಡಿಯುವುದಿಲ್ಲ, ಬೀಡಿಯನ್ನೂ ಮುಟ್ಟುವುದಿಲ್ಲ. ಹೋದ ಸುಗ್ಗಿಯಲ್ಲಿ ಒಂದು ಸಂಜೆ ಖಾನಾವಳಿಗೆ ಹೋಗಿ ಉಣ್ಣುವುದೆಂದು ಇನ್ಸುಲಿನ್ ತೆಗೆದುಕೊಂಡಿದ್ದಾನೆ. ಅಷ್ಟರಲ್ಲಿ ತೂಕದ ಸಾಲಿನಲ್ಲಿ ಅವನ ಪಾಳಿ ಬಂತು, ಬಿಟ್ಟರೆ ಮತ್ತೆ ಎರಡು ಗಂಟೆ. ಉಣ್ಣದೆ ಲೋಡ್ ಎತ್ತಿಕೊಂಡು ಹೊರಟಿದ್ದಾನೆ. ಬೈಪಾಸಿನ ಸರ್ವಿಸ್ ರಸ್ತೆಯಲ್ಲಿ ಗಾಡಿ ಅತ್ತಿತ್ತ ಆಡಿ ಡಿವೈಡರಿಗೆ ಉಜ್ಜಿ ನಿಂತಿದೆ. ಜನ ಬಾಗಿಲು ತೆಗೆದರೆ ಅಂಗಿಯೆಲ್ಲ ಬೆವರು, ಮಾತು ತೊದಲು, ಕೈ ಹಿಡಿದವರನ್ನೇ ಬೈಯುತ್ತಿದ್ದಾನೆ. ಎಲ್ಲರೂ ಒಂದೇ ಮಾತು ಹೇಳಿದ್ದಾರೆ, ಎಣ್ಣೆ ಹೊಡೆದಾನೆ ಅಂತ.

ಪೊಲೀಸರು ಊದಿಸಿದರು. ಅವನಿಗೆ ನೆಟ್ಟಗೆ ಊದಲೂ ಬರಲಿಲ್ಲ. ಎರಡನೇ ಸಲಕ್ಕೆ ಮಷೀನು ಸೊನ್ನೆ ತೋರಿಸಿತು. ಸೊನ್ನೆ ಬಂದಾಗ ಬೇರೆ ಏನೋ ಆಗಿದೆ ಎಂದು ಯಾರಿಗೂ ಹೊಳೆಯಲಿಲ್ಲ, ಊದುವ ನಾಟಕ ಮಾಡುತ್ತಿದ್ದಾನೆ ಎಂದುಕೊಂಡರು. ಠಾಣೆಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದರು. ನನ್ನ ತಮ್ಮನ ಹೆಂಡತಿ ಫೋನು ಮಾಡಿ, ‘ಅಕ್ಕಾ, ಇವ್ರನ್ನ ಸ್ಟೇಷನ್ನಾಗ ಕೂರ್ಸ್ಯಾರಂತೆ, ಊಟ ಮಾಡಿಲ್ಲ ಇವ್ರು, ಲಗೂ ಬರ್ರಿ’ ಎಂದಳು. ಊಟ ಮಾಡಿಲ್ಲ ಎಂಬ ಒಂದು ಮಾತಿಗೆ ನನಗೆ ಎದೆ ಝಲ್ ಎಂದಿತು. ಗ್ಲೂಕೋಮೀಟರ್ ಪರ್ಸಿಗೆ ಹಾಕಿಕೊಂಡು ಆಟೊ ಹತ್ತಿದೆ.

ಬಾಗಿಲಲ್ಲಿದ್ದ ಕಾನ್‌ಸ್ಟೆಬಲ್ ‘ನೋಡಿದ್ರೆ ಗೊತ್ತಾಗಲ್ವೇನಮ್ಮಾ, ಫುಲ್ ಟೈಟ್ ಆಗ್ಯಾನ’ ಎಂದರು. ಒಳಗೆ ತಮ್ಮ ಗೋಡೆಗೆ ಒರಗಿ ಕಣ್ಣು ಅರೆ ಮುಚ್ಚಿದ್ದ. ಕೈ ಮಂಜುಗಡ್ಡೆ. ಬೆರಳು ಚುಚ್ಚಿ ಸ್ಟ್ರಿಪ್ಪಿಗೆ ರಕ್ತ ಹಿಡಿದೆ. 42 ಬಂತು. 70ಕ್ಕಿಂತ ಕೆಳಗೆ ಹೋದರೆ ಲೋ ಶುಗರ್ ಎನ್ನುತ್ತೇವೆ, 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಇನ್ನೂ ಇಳಿದರೆ ಫಿಟ್ಸ್ ಬರುತ್ತದೆ, ಪ್ರಜ್ಞೆ ಹೋಗುತ್ತದೆ, ಪ್ರಾಣವೂ ಹೋಗಬಹುದು. ಎದುರಿನ ಚಹಾ ಅಂಗಡಿಯ ಹುಡುಗ ಓಡಿಬಂದು ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕಲಸಿಕೊಟ್ಟ. ನುಂಗುವ ಶಕ್ತಿ ಇನ್ನೂ ಇತ್ತು, ಗುಟುಕು ಗುಟುಕಾಗಿ ಕುಡಿಸಿದೆ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿದರೆ 78. ತಮ್ಮ ಕಣ್ಣು ಬಿಟ್ಟು ಸುತ್ತ ನೋಡಿ, ‘ಅಕ್ಕಾ, ನೀ ಯಾಕೆ ಇಲ್ಲಿ ಬಂದಿ?’ ಎಂದ.

ಆ ಕಾನ್‌ಸ್ಟೆಬಲ್ ಮೀಟರನ್ನೇ ನೋಡುತ್ತ ನಿಂತಿದ್ದರು. ಅವರು ಕೆಟ್ಟವರಲ್ಲ. ಮರುಕ್ಷಣ ಹೋಗಿ ಬಿಸ್ಕತ್ತು ತಂದುಕೊಟ್ಟರು. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಮ್ಮ ಉಣ್ಣದೆ ಗಾಡಿ ಹತ್ತಿದ್ದೂ ತಪ್ಪೇ, ಅದನ್ನು ಅವನ ಮುಖಕ್ಕೇ ಹೇಳಿದ್ದೇನೆ. ಮೈಯಲ್ಲಿ ಸ್ವಾಸ್ಥ್ಯ ಇಲ್ಲದೆ ಗಾಡಿ ಓಡಿಸುವುದಕ್ಕೆ ಕಾಯ್ದೆಯಲ್ಲಿ 186ನೇ ಕಲಂ ಬೇರೆ ಇದೆ. ಆದರೆ ಅದು ಬೇರೆ, ಕುಡುಕನೆಂದು ಬೆಂಚಿನ ಮೇಲೆ ಕೂರಿಸಿ ‘ಇಳಿಯಲಿ ಬಿಡು’ ಎಂದು ಕಾಯುವುದು ಬೇರೆ. ಕುಡಿದವನಿಗೆ ಹೊತ್ತು ಕಳೆದಷ್ಟೂ ಇಳಿಯುತ್ತದೆ. ಸಕ್ಕರೆ ಇಳಿದವನಿಗೆ ಹೊತ್ತು ಕಳೆದಷ್ಟೂ ಸಾವು ಹತ್ತಿರವಾಗುತ್ತದೆ.

ಇನ್ನೊಂದು ಮಾತು, ವೈದ್ಯರಿಗೂ ಪೊಲೀಸರಿಗೂ. ಬಾಯಲ್ಲಿ ಹೆಂಡದ ವಾಸನೆ ಇದೆ ಎಂದ ಮಾತ್ರಕ್ಕೆ ಸಕ್ಕರೆ ಇಳಿದಿಲ್ಲ ಎಂದಾಗುವುದಿಲ್ಲ. ಮದ್ಯಸಾರವನ್ನು ಕರಗಿಸುವ ಕೆಲಸಕ್ಕೆ ಬಿದ್ದ ಯಕೃತ್ತು ಹೊಸ ಗ್ಲೂಕೋಸ್ ಮಾಡುವುದನ್ನು ತಗ್ಗಿಸಿಬಿಡುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವನು ಉಣ್ಣದೆ ಕುಡಿದರೆ ಎರಡೂ ಒಟ್ಟಿಗೆ ಆಗುತ್ತವೆ. ದಿನವಿಡೀ ಮೂಟೆ ಹೊತ್ತು, ಮಧ್ಯಾಹ್ನ ಮಂಡಕ್ಕಿ ಮಿರ್ಚಿಯಲ್ಲೇ ಕಳೆದು, ಸಂಜೆ ಖಾಲಿ ಹೊಟ್ಟೆಗೆ ಕ್ವಾರ್ಟರ್ ಹಾಕುವ ಬಡವರಲ್ಲಿ ಕಾಯಿಲೆ ಇಲ್ಲದಿದ್ದರೂ ಸಕ್ಕರೆ ಕುಸಿದದ್ದನ್ನು ನಾನು ಲ್ಯಾಬಿನಲ್ಲಿ ಕಂಡಿದ್ದೇನೆ. ಅವನ ಮೇಲೆ ಕೇಸು ಹಾಕಿ, ಬೇಡವೆನ್ನುವುದಿಲ್ಲ. ಹಾಕುವ ಮುಂಚೆ ಬೆರಳು ಚುಚ್ಚಿ ನೋಡಿ.

ನನ್ನ ತಂಗಿಯ ಮಗ ಇಲ್ಲೇ ಕೋರ್ಟಿನಲ್ಲಿ ವಕೀಲ, ಕಲಂಗಳನ್ನು ಅವನ ಜೊತೆ ಕೂತು ಓದಿದ್ದೇನೆ. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ 1971ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ವಾಸನೆ ಇತ್ತು, ನಡಿಗೆ ತಡವರಿಸಿತು, ಕಣ್ಣಿನ ಪಾಪೆ ಹಿಗ್ಗಿತ್ತು, ಮಾತು ಅಸ್ಪಷ್ಟವಿತ್ತು ಎಂಬಷ್ಟರಿಂದಲೇ ಕುಡಿದು ಮತ್ತನಾಗಿದ್ದ ಎಂದು ತೀರ್ಮಾನಿಸಲಾಗದು. ಈ ಚಿಹ್ನೆಗಳನ್ನು ಸಕ್ಕರೆ ಇಳಿದ, ಕೀಟೋನ್ ಏರಿದ ರೋಗಿಗಳ ಪಕ್ಕ ಇಟ್ಟು ನೋಡಿ, ಹೆಚ್ಚುಕಡಿಮೆ ಎಲ್ಲವೂ ಹೊಂದುತ್ತವೆ. 202ನೇ ಕಲಮಿನಲ್ಲಿ ಇನ್ನೊಂದು ರಕ್ಷಣೆ ಇದೆ. 185ರ ಅಡಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡಬೇಕು. 204ನೇ ಕಲಂ ರಕ್ತದ ಪರೀಕ್ಷೆಗೆ ದಾರಿ ಮಾಡಿದೆ. ಅಂದರೆ ಹೊಸ ಕಾಯ್ದೆ ಬೇಕಾಗಿಲ್ಲ, ಇರುವುದನ್ನು ಹೊತ್ತಿಗೆ ಸರಿಯಾಗಿ ಮಾಡಬೇಕು.

ರಕ್ತ ತೆಗೆಯುವ ಕೈಗಳಿಗೆ ನನ್ನ ಬೇಡಿಕೆ ಬೇರೆ ಇದೆ. ಮದ್ಯಸಾರದ ಪರೀಕ್ಷೆಗೆ ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು. ಬೂದು ಮುಚ್ಚಳದ ಟ್ಯೂಬಿನಲ್ಲಿ ಹಿಡಿಯಬೇಕು. ಶುಗರ್ ನೋಡಲು ನಾವು ದಿನಾ ಬಳಸುವ ಟ್ಯೂಬೇ ಅದು, ಒಳಗೆ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದಿಲ್ಲದ ಟ್ಯೂಬಿನಲ್ಲಿ ತೆಗೆದು ಏಪ್ರಿಲ್ ಬಿಸಿಲಿನಲ್ಲಿ ಮೇಜಿನ ಮೇಲೆ ಬಿಟ್ಟರೆ ಮಾದರಿಗೆ ಸೇರಿದ ಯೀಸ್ಟ್, ಬ್ಯಾಕ್ಟೀರಿಯಾ ರಕ್ತದ ಸಕ್ಕರೆಯನ್ನೇ ಹುದುಗಿಸಿ ಮದ್ಯಸಾರ ಮಾಡಬಹುದು, ಇದ್ದ ಮದ್ಯಸಾರ ಆರಿಹೋಗಲೂಬಹುದು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಹುದುಗಲು ಸಕ್ಕರೆಯೂ ಹೆಚ್ಚು. ಟ್ಯೂಬ್ ತುಂಬ ತುಂಬಿಸಿ, ಮೊಹರು ಹಾಕಿ, ಫ್ರಿಡ್ಜಿನಲ್ಲಿಟ್ಟು, ಕೈಯಿಂದ ಕೈಗೆ ಹೋದದ್ದನ್ನು ಬರೆಯಬೇಕು. ಆಸ್ಪತ್ರೆಯ ಲ್ಯಾಬುಗಳಲ್ಲಿ ಮದ್ಯಸಾರವನ್ನು ಸಾಮಾನ್ಯವಾಗಿ ಸೀರಮ್ಮಿನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ ನೋಡುತ್ತೇವೆ. ಸೀರಮ್ಮಿನಲ್ಲಿ ನೀರಿನಂಶ ಹೆಚ್ಚಿರುವುದರಿಂದ ಅಂಕಿ ರಕ್ತದ್ದಕ್ಕಿಂತ ಶೇ 10ರಿಂದ 15ರಷ್ಟು ಮೇಲೆ ಬರುತ್ತದೆ. ಕಾಯ್ದೆ ಹೇಳುವುದು ರಕ್ತವನ್ನು. ಆಸ್ಪತ್ರೆಯ ರಿಪೋರ್ಟಿನ 33ನ್ನು ಹಾಗೇ ಎತ್ತಿ ಚಾರ್ಜ್‌ಶೀಟಿಗೆ ಹಾಕಿದರೆ ರಕ್ತದಲ್ಲಿ ಅದು 30 ದಾಟಿರಲಿಕ್ಕಿಲ್ಲ. ನನ್ನ ಸೇವೆಯಲ್ಲಿ ಫ್ಲೋರೈಡ್ ಇಲ್ಲದ ಕೆಂಪು ಮುಚ್ಚಳದ ಟ್ಯೂಬು, ಹೊತ್ತು ಬರೆಯದ ಚೀಟಿ, ಮೊಹರಿಲ್ಲದ ಲಕೋಟೆ ಬಂದಾಗಲೆಲ್ಲ ಹಿಂದಕ್ಕೆ ಕಳಿಸಿ ಬೈಸಿಕೊಂಡಿದ್ದೇನೆ. ಆ ಚೀಟಿಯ ಹಿಂದೆ ಒಬ್ಬರ ಲೈಸೆನ್ಸು, ದುಡಿಮೆ ಇರುತ್ತದೆ. ಗಾಡಿಗೆ ಸಿಕ್ಕು ಸತ್ತವರ ಮನೆಯವರ ನ್ಯಾಯವೂ ಇರುತ್ತದೆ.

ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಲ್ಲಿ ನನ್ನ ಕೋರಿಕೆ ಇಷ್ಟು. ಊದುವ ಮಷೀನು ಇರುವ ಪ್ರತಿ ಗಸ್ತು ವಾಹನದಲ್ಲಿ ಒಂದು ಗ್ಲೂಕೋಮೀಟರ್, ಒಂದು ಡಬ್ಬಿ ಸ್ಟ್ರಿಪ್, ಎರಡು ಪೊಟ್ಟಣ ಗ್ಲೂಕೋಸ್ ಪುಡಿ ಇಡಿಸಿ. ಮಷೀನು ಸೊನ್ನೆ ತೋರಿಸಿ ಮನುಷ್ಯ ತೂರಾಡುತ್ತಿದ್ದರೆ ಠಾಣೆಗೆ ಬೇಡ, ನೇರ ಆಸ್ಪತ್ರೆಗೆ. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಸಕ್ಕರೆ ಸುರಿಯಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. 108ಕ್ಕೆ ಕರೆ ಮಾಡಬೇಕು. ಮಿತಿ ದಾಟಿದ ಅಂಕಿ ಬಂದರೆ ಹದಿನೈದು ನಿಮಿಷ ಬಿಟ್ಟು ಎರಡನೇ ಸಲ ಊದಿಸಿ, ಎರಡೂ ಚೀಟಿ ಇಡಿ.

ಶುಗರ್ ಇರುವ ಚಾಲಕರಿಗೆ: ಡಿ.ಎಲ್. ಜೊತೆ ಕಾಯಿಲೆಯ, ಔಷಧದ ಹೆಸರು ಬರೆದ ಒಂದು ಚೀಟಿ ಇಟ್ಟುಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಬಾಡಿಗೆ ತಪ್ಪಿದರೂ ಊಟ ತಪ್ಪಿಸಬೇಡಿ. ಕುಡಿಯದೆ ಮಷೀನಿನಲ್ಲಿ ಬಂದರೆ ಜಗಳ ಬೇಡ, ರಕ್ತ ಪರೀಕ್ಷೆ ಮಾಡಿಸಿ ಎಂದು ಕೇಳಿ. ರಕ್ತ ಕೊಡಲು ನಿರಾಕರಿಸಿದರೆ 205ನೇ ಕಲಂ ಪ್ರಕಾರ ಅದು ನಿಮ್ಮ ವಿರುದ್ಧವೇ ನಿಲ್ಲಬಹುದು. ವಕೀಲ ಮಿತ್ರರು ಕುಡಿದ ಕಕ್ಷಿದಾರನಿಗೆ ಶುಗರಿನ ಸರ್ಟಿಫಿಕೇಟ್ ಹುಡುಕಿಕೊಡುವುದನ್ನು ಬಿಡಬೇಕೆಂದು ಕೈಮುಗಿದು ಕೇಳುತ್ತೇನೆ.

ಗ್ಲೂಕೋಮೀಟರ್ ಬಳಸುವುದನ್ನು ಕಲಿಸಲು ಅರ್ಧ ಗಂಟೆ ಸಾಕು. ಇಲಾಖೆಯವರು ಕರೆದರೆ ಯಾವ ಠಾಣೆಗಾದರೂ ನಾನೇ ಬಂದು ಹೇಳಿಕೊಡುತ್ತೇನೆ, ಸಂಭಾವನೆ ಬೇಡ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ವಿದ್ಯಾನಗರ, ದಾವಣಗೆರೆ